ಸುಯಾನಳ ಕೊನೆಯ ನಾಲ್ಕು ನಿಮಿಷ

ಜೂನ್ 27, ಸೋಮವಾರ. ಚಿಂಬೋಟೆ.

ಸಂಜೆ ಐದಕ್ಕೆ ನಾನು ಆಡುತ್ತಿದ್ದ ಆನ್‌ಲೈನ್ ಆಟದ ಸರ್ವರ್ ಶಾಶ್ವತವಾಗಿ ಮುಚ್ಚಿದರು. ಆರು ವರ್ಷ ನಾನು ಅದರೊಳಗೆ ಸುಯಾನ ಎಂಬ ಹೆಂಗಸಾಗಿದ್ದೆ. ಉದ್ದ ಜಡೆ, ಕೈಯಲ್ಲಿ ಈಟಿ. ಆ ಮುಖದ ಹುಬ್ಬು, ಗಲ್ಲ ತಿದ್ದಲು ಮೊದಲ ದಿನ ಮೂರು ಗಂಟೆ ಕೂತಿದ್ದೆ. ಮನೆಯ ಕನ್ನಡಿಯ ಮುಂದೆ ಮೂರು ನಿಮಿಷವೂ ನಿಲ್ಲಲು ನನ್ನಿಂದ ಆಗುವುದಿಲ್ಲ.

ಕೊನೆಯ ದಿನವೆಂದು ಸೈಬರ್ ಕೆಫೆ ತುಂಬಿತ್ತು. ಪಕ್ಕದವನೊಬ್ಬ ನನ್ನ ಪರದೆಯತ್ತ ಇಣುಕಿ, "ಏನಣ್ಣ, ಹೆಂಗ್ಸಾಗಿ ಆಡ್ತೀಯಾ?" ಎಂದ. ಗೆಳೆಯ ಹೆರ್ಸನ್ ನನ್ನ ಪರವಾಗಿ, "ಆಟದಾಗೆ ದಿನಾ ನಾಲ್ಕು ಗಂಟೆ ನಮ್ಮ ಪಾತ್ರದ ಬೆನ್ನು ನೋಡ್ಕೊಂಡೇ ಕೂರ್ಬೇಕಲ್ಲ ಮಾರಾಯ, ಹೆಂಗ್ಸಿಂದೇ ಇರ್ಲಿ ಅಂತ," ಎಂದ. ಎಲ್ಲರೂ ನಕ್ಕರು. ಆ ಮಾತನ್ನು ಅವನಿಗೆ ಹೇಳಿಕೊಟ್ಟದ್ದು ನಾನೇ. ನಾನೂ ನಕ್ಕೆ.

ಕೊನೆಗೆ ನಮ್ಮ ತಂಡದವರೆಲ್ಲ ಆಟದೊಳಗಿನ ಸೇತುವೆಯ ಮೇಲೆ ಸಾಲಾಗಿ ಕೂತೆವು. ಪಕ್ಕದ ದೇಶದ ಗ್ವಾಯಾಕಿಲ್‌ನ ನೊಏಮಿಯೂ ಅವರಲ್ಲೊಬ್ಬಳು; ಅವಳನ್ನು ನಾನು ಎಂದೂ ಎದುರಿಗೆ ಕಂಡಿಲ್ಲ. ಗಂಡನ ಜೊತೆಗಿನ ಜಗಳದಿಂದ ಮುಟ್ಟಿನ ನೋವಿನವರೆಗೆ ಎಲ್ಲವನ್ನೂ ನನಗೆ ಬರೆಯುತ್ತಿದ್ದಳು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಬರೆದಳು, "ಇನ್ಮೇಲೆ ಯಾರ ಹತ್ರ ಅಳ್ಲಿ ಅಕ್ಕ? ನಿನ್ ನಂಬರ್ ಕೊಡು."

ಕೊಟ್ಟರೆ ಅವಳು ಕೇಳುವುದು ಈ ಗಡಸು ದನಿ. "ಕೊಡ್ತೀನಿ ಇರು" ಎಂದು ಬರೆದು ಗಡಿಯಾರ ನೋಡುತ್ತ ಕೂತೆ. ಪರದೆ ಕಪ್ಪಾಯಿತು.

ರಾತ್ರಿ ಮನೆಯಲ್ಲಿ ಮೀನಿನ ಸಾರು ಬಡಿಸುತ್ತ ಅಮ್ಮ, "ಯಾಕೋ ಮಗನೇ, ಮುಖ ಹಿಂಗಿದೆ? ಯಾರಾದ್ರೂ ಸತ್ರಾ?" ಎಂದಳು.

"ಇಲ್ಲಮ್ಮ."

ನನ್ನ ನಂಬರಿಗೆ ಇರುವುದು ಒಂಬತ್ತೇ ಅಂಕಿ. ನಾಲ್ಕು ನಿಮಿಷವಿತ್ತು.