ವಾಣಿಗೆ ಹೊಡೆಸಿದ ಚಪ್ಪಾಳೆ

ಜುಲೈ 7, ಸೋಮವಾರ

ಎಂಟನೇ ಕ್ಲಾಸಿನ ಸೀಟು ಬದಲಾವಣೆ. ಟೆಸ್ಟಿನಲ್ಲಿ ಹೆಚ್ಚು ಅಂಕದವರು ಮುಂದೆ, ಕಡಿಮೆಯವರು ಹಿಂದೆ — ನಮ್ಮ ಹೆಡ್‌ಮಾಸ್ಟರ್ ಉಚ್ಚೆಂಗಪ್ಪನವರ ಮಹಾನ್ ಸಂಶೋಧನೆ. ಪಟ್ಟಿ ಓದುವುದು ನನ್ನ ಪಾಲು. ವಾಣಿ ಎರಡನೇ ಬೆಂಚಿನಿಂದ ಕೊನೆಯದಕ್ಕೆ. ಚೀಲ ಎತ್ತಿಕೊಂಡು ಹೋಗುವಾಗ ಎಲ್ಲರೂ ಕಿಸಕ್ಕನೆ ನಕ್ಕರು. ಗದರಿಸಲು ಹೊತ್ತೆಲ್ಲಿ?

ಮಧ್ಯಾಹ್ನ ಇನ್ನೊಂದು ಫಾರ್ಮು. 'ಮಕ್ಕಳ ಮಾನಸಿಕ ಆರೋಗ್ಯ'. ಮಗುವಿಗೊಂದು ಹಾಳೆ, ಹನ್ನೆರಡು ಪ್ರಶ್ನೆ.

"ಎಲ್ಲಾದಕ್ಕೂ 'ಇಲ್ಲ' ಅಂತ ಹಾಕ್ರಿ ಮೇಡಂ. 'ಹೌದು' ಅಂದ್ರೆ ನಮಗೇ ತಲೆನೋವು" ಎಂದರು ಉಚ್ಚೆಂಗಪ್ಪ.

ನಲವತ್ತಾರು ಮಕ್ಕಳು, ಇಪ್ಪತ್ತು ನಿಮಿಷ. ಓದದೆಯೇ ಮುಗಿಸಿದೆ. ದಾವಣಗೆರೆಯಲ್ಲಿ ದುಃಖವೇ ಇಲ್ಲ!

ಜುಲೈ 11, ಶುಕ್ರವಾರ

ನಿನ್ನೆ ವಾಣಿ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಸ್ನೇಹಾಗೆ ಕೊಟ್ಟಳಂತೆ. ಜಾಮಿಟ್ರಿ ಬಾಕ್ಸ್ ಸಿಮ್ರಾನ್‌ಗೆ. ಚಿತ್ರಕಲೆಯಲ್ಲಿ ಬಹುಮಾನ ಬಂದ ಪೆನ್ನು ನನಗೆ! "ನಂಗೆ ಬ್ಯಾಡ ಮಿಸ್, ನೀವೇ ಇಟ್ಕೊಳ್ರಿ."

ಅಂತೂ ಈ ಕ್ಲಾಸಿನಲ್ಲಿ ಒಂದು ಒಳ್ಳೆಯ ಗುಣ. ಇವತ್ತು ಪ್ರೇಯರ್‌ನಲ್ಲಿ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ. ತ್ಯಾಗದ ಬಗ್ಗೆ ಭಾಷಣವನ್ನೂ ಬಿಗಿದೆ. ಅವಳು ತಲೆ ಎತ್ತಲಿಲ್ಲ. ನಾಚಿಕೆಯಿರಬೇಕು. ಉಚ್ಚೆಂಗಪ್ಪ ಮೆಚ್ಚಿಕೊಂಡರು, ಅದೊಂದೇ ಬೇಸರ.

ಜುಲೈ 18, ಶುಕ್ರವಾರ, ಸಂಜೆ

ಫಾರ್ಮುಗಳು ವಾಪಸ್. ಶಾಲೆಯ ಸೀಲು ಬಿದ್ದಿಲ್ಲವಂತೆ. ಮಕ್ಕಳು ಹೇಗಾದರೂ ಇರಲಿ, ಸೀಲು ಇರಬೇಕು.

ಸೀಲು ಒತ್ತುತ್ತಾ ಮೊದಲ ಸಲ ಓದಿದೆ. ನಾಲ್ಕು: ಸಹಪಾಠಿಗಳ ಗೇಲಿಗೆ ಗುರಿಯಾಗಿದೆಯೇ? ಆರು: ಅಂಕ ದಿಢೀರನೆ ಇಳಿದಿದೆಯೇ? ಒಂಬತ್ತು: ಇಷ್ಟದ ವಸ್ತುಗಳನ್ನು ಹಂಚಿಬಿಡುತ್ತಿದೆಯೇ?

ವಾಣಿಯ ಹಾಳೆ ಹುಡುಕಿದೆ. ಮೂರಕ್ಕೂ 'ಇಲ್ಲ'. ನನ್ನದೇ ದುಂಡು ಅಕ್ಷರ. ಕೆಳಗೆ — ಒಂದಾದರೂ 'ಹೌದು' ಇದ್ದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ಮಗುವನ್ನೇ ನೇರವಾಗಿ ಕೇಳಿ. ಅವಳು ಬುಧವಾರದಿಂದ ಬಂದಿಲ್ಲ.

"ಹಂಗೆಲ್ಲ ಕೇಳಿದ್ರೆ ಇಲ್ಲದ್ದು ತಲೆಗೆ ತುಂಬಿದಂಗ. ಸುಮ್ನಿರ್ರಿ" ಎಂದರು ಉಚ್ಚೆಂಗಪ್ಪ. ಸೀಲನ್ನು ಅವರ ಮೇಜಿನ ಮೇಲೆ ಕುಕ್ಕಿ ವಾಣಿಯ ಮನೆಗೆಂದು ಹರಿಹರದ ಬಸ್ಸು ಹತ್ತಿದೆ.

ಅವಳ ಅಪ್ಪ ತಿಪ್ಪೇರುದ್ರಪ್ಪ ಬಾಗಿಲಲ್ಲೇ ಸಿಕ್ಕರು. "ಊಟ ಬಿಟ್ಟಾಳ್ರಿ ಮೇಡಂ, ನಿದ್ದೆನೂ ಇಲ್ಲ. ಯಾವ್ದೋ ಗಾಳಿ ಇರ್ಬೇಕು. ಅಮಾಸಿಗೆ ಉಕ್ಕಡಗಾತ್ರಿ ಗುಡಿಗೆ ಕರ್ಕೊಂಡು ಹೋಗಿ ಬಿಡಿಸ್ತೀನಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಗಾಳಿಯೋ ಏನೋ, ಆತ ಮಗಳ ಮುಖ ನೋಡಿದ್ದರು. ಬಿ.ಎಡ್. ಮಾಡಿದ ನಾನು ಚಪ್ಪಾಳೆ ಹೊಡೆಸಿದ್ದೆ. ಥೂ.

ವಾಣಿಯ ಪಕ್ಕ ಕೂತು ಕೇಳಿದೆ. "ಸತ್ತು ಹೋಗ್ಬೇಕು ಅನ್ನಿಸ್ತೈತೇನಮ್ಮ?"

ಹೌದೆಂದು ತಲೆಯಾಡಿಸಿದಳು. "ಯಾರೂ ಕೇಳಿದ್ದಿಲ್ಲ ಮಿಸ್." ಇಬ್ಬರೂ ಅತ್ತೆವು. ಅವಳನ್ನು ಒಂಟಿ ಬಿಡಬೇಡಿ ಎಂದೆ. ಅಪ್ಪ ಅಲ್ಲೇ ಅವಳ ಕೈ ಹಿಡಿದು ಕೂತರು. ನಾಳೆ ಹತ್ತಕ್ಕೆ ಡಾಕ್ಟರ್ ಹತ್ತಿರ, ಮೂವರೂ.

ಜುಲೈ 21, ಸೋಮವಾರ

ಡಾಕ್ಟರ್ ಪ್ರತಿ ವಾರ ಬರಲು ಹೇಳಿದ್ದಾರೆ. ವಾಣಿ ಶಾಲೆಗೆ ಬಂದಳು. ಹೊಸ ಸೀಟಿನ ಪಟ್ಟಿಯನ್ನು ಹರಿದೆ. ಉಚ್ಚೆಂಗಪ್ಪ ಮೆಮೊ ಕೊಡುತ್ತಾರಂತೆ. ಕೊಡಲಿ, ಅದಕ್ಕೂ ಸೀಲು ಹಾಕಿಕೊಳ್ಳಲಿ.

ಪೆನ್ನು ವಾಪಸ್ ಚಾಚಿದೆ. ತೆಗೆದುಕೊಳ್ಳಲಿಲ್ಲ. ಚಾಚಿದ ಕೈಯನ್ನು ನಾನು ಹಿಂದೆಳೆಯಲಿಲ್ಲ.

"ನಾಳೆ ಇಸ್ಕೊಂತೀನಿ ಮಿಸ್."

ನಾಳೆ ಎಂದಳು. ಅವಳಾಗಿಯೇ, ನಾಳೆ —