ತೊಟ್ಟಿಯೊಳಗಿನ ಕೊರಡು

ಮಾರ್ಚ್ 3, ಬೆಳಿಗ್ಗೆ 7

ಹೊಳೆದಂಡೆಯಲ್ಲಿ ಸಿಕ್ಕ ಕೊರಡನ್ನು ಮೂರನೇ ಸಲ ಕುದಿಸಿದ್ದಾಯಿತು. ನೀರಿಗೆ ಇನ್ನೂ ಚಹಾದ ಬಣ್ಣ. ಹೆಂಡತಿಗೆ ದೊಡ್ಡ ಪಾತ್ರೆ ಹಾಳಾಯಿತೆಂದು ಸಿಟ್ಟು. "ಹೊಳೆದಂಡೆ ಕಟ್ಟಿಗೆ ಬೇಯಿಸ್ತೀರಲ್ಲ, ಊಟಕ್ಕೂ ಅದನ್ನೇ ಬಡಿಸ್ಲಾ?"

ಎಲ್ಲಾ ಮಗಳ ಪೆದ್ದುವಿಗಾಗಿ, ಅದರ ಗಾಜಿನ ತೊಟ್ಟಿಯಲ್ಲಿ ಅಡಗಿ ಕೂರಲು ಒಂದು ಕೊರಡು ಬೇಕಂತೆ. ಪೆದ್ದು ಅಂದರೆ ಆಕ್ಸೊಲಾಟಲ್ — ನೀರಲ್ಲೇ ಬದುಕುವ ನಾಲ್ಕು ಕಾಲಿನ ಜೀವಿ, ಮೀನೂ ಅಲ್ಲ, ಹಲ್ಲಿಯೂ ಅಲ್ಲ. ಕತ್ತಿನ ಸುತ್ತ ಕೆಂಪು ಕುಚ್ಚು, ಸದಾ ನಗುಮುಖ. ಕಾಲು ಕಡಿದರೆ ಮತ್ತೆ ಬೆಳೆಯುತ್ತದಂತೆ. ಪುಣ್ಯವಂತ. ನನ್ನ ಎಡಗೈ ತೋರುಬೆರಳು ಗರಗಸಕ್ಕೆ ಹೋಗಿ ವರ್ಷವಾಯಿತು. ಮೋಟು ಮೋಟಾಗಿಯೇ ಇದೆ.

ಮಾರ್ಚ್ 5

ಚೂಪು ತುದಿಗಳನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿದೆ. ಪೆದ್ದುವಿನ ಚರ್ಮ ತೀರ ತೆಳು, ತಾಗಿದರೆ ಹರಿಯುತ್ತದೆ.

ಸಾಕುಮೀನಿನ ಅಂಗಡಿಯವನು ಕೇಳಿದ: "ಯಾವ ಮರ ಸಾರ್? ಗೊತ್ತಿಲ್ದೇ ಇರೋ ಮರ ಹಾಕ್ಬೇಡಿ ಮತ್ತೆ."

ಇಪ್ಪತ್ತು ವರ್ಷದಿಂದ ಬಡಗಿ ನಾನು. ಮೂಸಿ ನೋಡಿ ಮರ ಹೇಳುವವನು. ತೇಗ ಅಂದೆ. ಸುಳ್ಳು. ಇದಕ್ಕೆ ವಾಸನೆಯಿಲ್ಲ, ಕೊಯ್ದ ಕಡೆ ಒಂದು ಗೆರೆಯೂ ಇಲ್ಲ. ಗೊತ್ತಿಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ.

ಮಾರ್ಚ್ 19

ಎರಡು ವಾರ ನೆನೆದು ಕೊನೆಗೂ ಮುಳುಗಿತು. ತೊಟ್ಟಿಗಿಳಿಸಿದೆ. ಪೆದ್ದು ಅಡಿಯಲ್ಲಿ ನುಸುಳಿ ಕೂತಿತು. ಮಗಳು ಕುಣಿದಳು. ಕೊರಡಿನ ಮೇಲೆ ಬಿಳಿ ಲೋಳೆ ಕಟ್ಟುತ್ತದೆ, ದಿನಾ ಕೈ ಹಾಕಿ ಉಜ್ಜಬೇಕು.

ಮಾರ್ಚ್ 27

ಮೋಟು ತುರಿಸುತ್ತಿದೆ. "ಊದಿದೆ ಕಣ್ರೀ, ಡಾಕ್ಟರಿಗೆ ತೋರಿಸಿ" ಎಂದಳು ಇವಳು. ಊತವಲ್ಲ. ಅಳತೆಪಟ್ಟಿ ಇಟ್ಟು ನೋಡಿದೆ.

ನಾಲ್ಕು ಮಿಲಿಮೀಟರ್ ಬೆಳೆದಿದೆ.

ಏಪ್ರಿಲ್ 8

ಒಂದು ಗೆಣ್ಣು ಬಂತು. ಗುಲಾಬಿ, ಮೆತ್ತಗೆ, ಯಾವಾಗಲೂ ತಣ್ಣಗೆ. ಪೆದ್ದುವಿನ ಒಂದು ಹಿಂಗಾಲು ಅರ್ಧಕ್ಕೆ ನಿಂತಿದೆ. ಗಾಯವಿಲ್ಲ, ರಕ್ತವಿಲ್ಲ.

"ಅಪ್ಪಾ, ಇದು ಬೆಳೀಬೇಕಲ್ವಾ? ಯಾಕೆ ಕಮ್ಮಿ ಆಗ್ತಿದೆ?"

ಉತ್ತರ ಗೊತ್ತು. ಕೊರಡು ಅದರ ಕಾಲಿಂದ ತೆಗೆದು ನನ್ನ ಬೆರಳಿಗೆ ಕೊಡುತ್ತಿದೆ. ನಾಚಿಕೆಯಾಯಿತು, ಆದರೂ ಬೆಳಿಗ್ಗೆ ಮತ್ತೆ ಕೈ ಹಾಕಿದೆ. ವರ್ಷದಿಂದ ಬರೀ ಪಾಲಿಶ್ ಹೊಡೆಯುತ್ತಿದ್ದೇನೆ. "ಆ ಕೈಗೆ ಉಳಿ ಕೊಡೋಕಾಗಲ್ಲ ಕಣಯ್ಯಾ" ಅಂದಿದ್ದಾನೆ ಮೇಸ್ತ್ರಿ. ಉಳಿ ಹಿಡಿಯಬೇಕು ನನಗೆ. ಅಷ್ಟೇ.

ಏಪ್ರಿಲ್ 11

ಇನ್ನೊಂದು ಕಾಲೂ ಹೋಯಿತು. ಮಗಳು ಒಂದೇ ಸಮನೆ ಅತ್ತಳು. ಪೆದ್ದುವನ್ನು ತಣ್ಣೀರಿನ ಟಬ್ಬಿಗೆ ಬಿಟ್ಟೆ. ಕೊರಡನ್ನೂ ಎತ್ತಿ ಎಸೆಯಬೇಕಿತ್ತು... ಮನಸ್ಸು ಬರಲಿಲ್ಲ. ಖಾಲಿ ತೊಟ್ಟಿಯಲ್ಲೇ ಇರಲಿ.

ಏಪ್ರಿಲ್ 24

ಪೆದ್ದುವಿನ ಕಾಲು ಚಿಗುರುತ್ತಿದೆ. ನನ್ನ ಬೆರಳೂ ನಿಂತಿಲ್ಲ. ದಿನಾ ಬೆಳಿಗ್ಗೆ ಹತ್ತು ನಿಮಿಷ ತೊಟ್ಟಿಯಲ್ಲಿ ಕೈ. ಈಗ ಪೂರ್ತಿ ಬೆರಳು, ಉಗುರಿನ ಸಮೇತ. ಮೇಸ್ತ್ರಿ ಬಿಟ್ಟ ಬಾಯಿ ಮುಚ್ಚಲಿಲ್ಲ. ಸೋಮವಾರದಿಂದ ಉಳಿ ಕೆಲಸ! ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಉಗುರು ಮಾತ್ರ ತೀರ ಚಿಕ್ಕದು, ಮಕ್ಕಳ ಉಗುರಿನ ಹಾಗೆ. ಇನ್ನೊಂದು ಯೋಚನೆ — ತೊಟ್ಟಿಯಲ್ಲಿ ಈಗ ಯಾವ ಜೀವವೂ ಇಲ್ಲ. ಹಾಗಾದರೆ ಬೆರಳಿನ ಉಳಿದ ಭಾಗ ಎಲ್ಲಿಂದ ಬಂತು?

ಏಪ್ರಿಲ್ 25, ಸಂಜೆ 5

ಬೇಸಿಗೆ ಕ್ಯಾಂಪಿನ ಟೀಚರ್ ಫೋನ್ ಮಾಡಿದ್ದರು. ಮಗಳು ಪೆನ್ಸಿಲ್ ಹಿಡಿಯುತ್ತಿಲ್ಲವಂತೆ. ವಾರದಿಂದ ಕೈಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದಳು. ಡಾಕ್ಟರ್ ಆಟವೆಂದು ನಾವೂ ನಕ್ಕಿದ್ದೆವು.

ಕರೆದು ಕೇಳಿದೆ.

"ಕ್ಯಾಂಪಿಂದ ಬಂದು ನಾನೂ ಕಟ್ಟಿಗೆ ಉಜ್ತೀನಿ ಅಪ್ಪಾ. ನಿಂಗೆ ಹೆಲ್ಪ್ ಆಗ್ಲಿ ಅಂತ. ನೋವೇ ಆಗಲ್ಲ ಗೊತ್ತಾ?"

ಬಟ್ಟೆ ಬಿಚ್ಚಲು ಹೋದರೆ ಕೈ ಹಿಂದೆ ಎಳೆದುಕೊಂಡಳು.

"ಬೈಬೇಡ ಅಪ್ಪಾ. ಪೆದ್ದುಗೆ ಬಂತಲ್ಲ... ನಂಗೂ ಬರುತ್ತೆ."

ಬಿಚ್ಚಿದೆ. ಹೆಬ್ಬೆರಳು ಇದೆ. ಅದರ ಪಕ್ಕ—