ಹೆತ್ತವಳಿಗೇ ಸಿಗದ ಗುರುತು

ಅಮ್ಮಾ,

ಇವತ್ತು ಮೇಲ್ಮನವಿಯ ತೀರ್ಪು ಬಂತು. ಡ್ರಗ್ಸ್ ಮಾರಿದಳೆಂದು ನನಗೆ ಕೊಟ್ಟಿದ್ದ ಶಿಕ್ಷೆ ರದ್ದಾಯಿತು. ಇಷ್ಟು ದಿನ ಜಾಮೀನಿನ ಮೇಲೆ ಹೊರಗಿದ್ದೆ, ಇನ್ನು ಅದರ ಹಂಗಿಲ್ಲ. ನೀನಿದ್ದಿದ್ದರೆ ಮೊದಲು ಕೇಳುತ್ತಿದ್ದುದು ಊಟ ಆಯ್ತಾ ಅಂತ. ಇಲ್ಲ, ಕೋರ್ಟಿನ ಕ್ಯಾಂಟೀನಿನಲ್ಲಿ ಒಂದು ಟೀ ಕುಡಿದೆ, ಬರೀ ಸಕ್ಕರೆ ನೀರು.

ವಾದವೆಲ್ಲ ಗುರುತಿನ ಮೇಲೆಯೇ ನಿಂತಿತ್ತು. ಆ ಪೊಲೀಸಿನವರು ಮಾರುವವಳನ್ನು ಕಂಡದ್ದು ಎದುರು ಕಟ್ಟಡದ ಮಹಡಿಯಿಂದ, ಅದೂ ಮುಸ್ಸಂಜೆಯಲ್ಲಿ. ಆಮೇಲೆ ಠಾಣೆಯಲ್ಲಿ ಅವರಿಗೆ ತೋರಿಸಿದ್ದು ನನ್ನದೊಂದೇ ಫೋಟೋ. ಇನ್ನು ಉಳಿದದ್ದು ಬೀದಿ ಕ್ಯಾಮೆರಾದ ವಿಡಿಯೋ. ಕೆಳಗಿನ ಕೋರ್ಟಿನಲ್ಲಿ ಅದನ್ನು ನಿನಗೆ ತೋರಿಸಿದಾಗ, "ಕಣ್ಣು ಮಂಜು ಸ್ವಾಮಿ, ಯಾರೋ ಏನೋ, ಗೊತ್ತಾಗಲ್ಲ" ಅಂದಿದ್ದೆಯಲ್ಲ, ನಮ್ಮ ವಕೀಲರು ಇವತ್ತು ಅದನ್ನೇ ಹಿಡಿದುಕೊಂಡರು.

"ಹೆತ್ತ ತಾಯಿಗೇ ಸಿಗದ ಗುರುತು ಮಹಡಿ ಮೇಲೆ ನಿಂತವರಿಗೆ ಹೇಗೆ ಸಿಕ್ತು?"

ನ್ಯಾಯಾಧೀಶರು ಒಪ್ಪಿದರು. ಅನುಮಾನದ ಲಾಭ ನನಗೆ ಸಿಕ್ಕಿತು.

ಸಾಕ್ಷಿ ಹೇಳಿ ಬಂದ ಆ ಸಂಜೆ ನೀನು ಸೀದಾ ಹೊಲಿಗೆ ಮೆಷಿನ್ ಮುಂದೆ ಕೂತೆ. ಕನ್ನಡಕವಿಲ್ಲದೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೀನು ತಲೆ ಎತ್ತಲಿಲ್ಲ. ಆಮೇಲೆ ಕೊನೆಯವರೆಗೂ ನನ್ನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ.

ಮೊದಲೆಲ್ಲ ಮೆಟ್ಟಿಲ ಮೇಲಿನ ನನ್ನ ಹೆಜ್ಜೆ ಸದ್ದಿಗೇ ನೀನು, ತಿರುಗಿಯೂ ನೋಡದೆ, "ಬಂದ್ಯೇನೇ? ಚಪ್ಪಲಿ ಹೊರಗೇ ಬಿಡು" ಅಂತ ಒಳಗಿನಿಂದ ಕೂಗುತ್ತಿದ್ದೆ. ಇವತ್ತು ನಾನು ಬೇಕೆಂದೇ ಸದ್ದು ಮಾಡಿಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದೆ.